ಜಾವಾ ಅರೇ, ಜಾವಾಸ್ಕ್ರಿಪ್ಟ್ ಅರೇ: ಪ್ರಿಂಟರ್ ಲೈಬ್ರರಿಗೆ ರ‍್ಯಾಪರ್ ಬರೆಯುವಾಗ ಮಾಡಿಕೊಂಡ ಟಿಪ್ಪಣಿ

ಸೋದರಮಾವನ ಕಿರಾಣಿ ಅಂಗಡಿಗೆ ಕನ್ನಡದಲ್ಲೇ ಬಿಲ್ ಹೊಡೆಯುವ ಆ್ಯಪ್ ಮಾಡಿಕೊಡ್ತೀನಿ ಅಂತ ಒಪ್ಪಿಕೊಂಡು ಸಿಕ್ಕಿಹಾಕಿಕೊಂಡಾಗ ಕಲಿತದ್ದು ಇದು. ಆ್ಯಪ್ ಬರೆದದ್ದು ರಿಯಾಕ್ಟ್ ನೇಟಿವ್‌ನಲ್ಲಿ, ಅಂದರೆ ಜಾವಾಸ್ಕ್ರಿಪ್ಟ್. ಬ್ಲೂಟೂತ್ ಪ್ರಿಂಟರ್ ಜೊತೆ ಬಂದದ್ದು ಆ್ಯಂಡ್ರಾಯ್ಡ್‌ನ ಒಂದು ಜಾರ್ ಫೈಲ್, ಅಂದರೆ ಜಾವಾ. ಅದರಲ್ಲಿ ನನಗೆ ಬೇಕಿದ್ದದ್ದು ಒಂದೇ ಮೆಥಡ್: ಬೈಟ್ ಅರೇ (ಎಂಟೆಂಟು ಬಿಟ್‌ನ ಸಂಖ್ಯೆಗಳ ಸಾಲು) ಕೊಟ್ಟರೆ ಪ್ರಿಂಟರ್‌ಗೆ ಕಳಿಸುತ್ತದೆ. ಇಷ್ಟೇ ತಾನೆ, ನಡುವೆ ಎರಡು ಭಾಷೆಗಳನ್ನು ಬೆಸೆಯುವ ಒಂದು ತೆಳು ರ‍್ಯಾಪರ್ ಹಾಕಿದರೆ ಮುಗಿಯಿತು ಅಂದುಕೊಂಡೆ. ಮೆಥಡ್ ಕರೆಯುವುದು ನಿಜಕ್ಕೂ ಸುಲಭವೇ ಆಗಿತ್ತು. ವಾರಗಟ್ಟಲೆ ತಿಂದದ್ದು ಅದಕ್ಕೆ ಕೊಡಬೇಕಾದ ಅರೇ.

ಹೆಸರೊಂದೇ, ಜಾತಕ ಬೇರೆ

ಜಾವಾದಲ್ಲಿ ಅರೇ ಹುಟ್ಟುವಾಗಲೇ ಎರಡು ವಿಷಯ ತೀರ್ಮಾನವಾಗಿರುತ್ತವೆ: ಒಳಗೆ ಯಾವ ಜಾತಿಯ ಮೌಲ್ಯ, ಒಟ್ಟು ಎಷ್ಟು. ಇಂಟ್ (ಪೂರ್ಣಾಂಕ) ಅರೇ ಬೇರೆ, ಬೈಟ್ ಅರೇ ಬೇರೆ, ಒಂದರ ಜಾಗದಲ್ಲಿ ಇನ್ನೊಂದು ನಡೆಯದು. ಜಾವಾಸ್ಕ್ರಿಪ್ಟ್‌ನಲ್ಲಿ ಎರಡೂ ಇಲ್ಲ. ಸಂಖ್ಯೆ, ಸ್ಟ್ರಿಂಗ್, ಇನ್ನೊಂದು ಅರೇ, ಏನೂ ಇಲ್ಲದ ತೂತು, ಎಲ್ಲ ಒಂದೇ ಅರೇಯಲ್ಲಿ ಕೂರಬಹುದು. ಐದು ಅಂಶದ ಅರೇಗೆ ನೂರನೇ ಜಾಗದಲ್ಲಿ ಏನಾದರೂ ಬರೆದರೆ ಅದು ತಕರಾರಿಲ್ಲದೆ ಉದ್ದವಾಗುತ್ತದೆ. ಜೊತೆಗೆ ಅಲ್ಲಿ ಮಾಮೂಲಿ ಸಂಖ್ಯೆಗಳೆಲ್ಲ ಜಾವಾ ಲೆಕ್ಕದಲ್ಲಿ ಡಬಲ್, ಅಂದರೆ ದಶಮಾಂಶ ಹಿಡಿಯುವ ಸಂಖ್ಯೆ.

ಹಾಗಾಗಿ ಜಾವಾದಿಂದ ಈಚೆಗೆ ಬರುವಾಗ ಮಾಹಿತಿ ಕಳೆದುಹೋಗುತ್ತದೆ. ಆಚೆಗೆ ಹೋಗುವಾಗ ಇಲ್ಲದ ಮಾಹಿತಿಯನ್ನು ಯಾರಾದರೂ ಸೇರಿಸಬೇಕು. ಆ ಯಾರಾದರೂ ನಾವೇ, ರ‍್ಯಾಪರ್ ಬರೆಯುವವರು. ಜೆಡಿಕೆ (ಜಾವಾದ ಡೆವಲಪರ್ ಕಿಟ್) 8ರಿಂದ 14ರವರೆಗೆ ಜಾವಾ ಜೊತೆಗೇ ಬರುತ್ತಿದ್ದ ನ್ಯಾಶಾರ್ನ್ ಎಂಬ ಜಾವಾಸ್ಕ್ರಿಪ್ಟ್ ಎಂಜಿನ್ ಇದನ್ನು ಮುಚ್ಚಿಡುತ್ತಿರಲಿಲ್ಲ. ಅಲ್ಲಿ 'ಜಾವಾ.ಫ್ರಮ್' ಅಂದರೆ ಜಾವಾ ಅರೇಯಿಂದ ಜಾವಾಸ್ಕ್ರಿಪ್ಟ್ ಅರೇ, ಕೇಳಿದ ತಕ್ಷಣ ಸಿಗುತ್ತಿತ್ತು. 'ಜಾವಾ.ಟು' ಅಂದರೆ ತಿರುಗು ದಾರಿ, ಅದಕ್ಕೆ ಮಾತ್ರ 'ಇಂಟ್[]' ಅಂತ ಜಾತಿಯ ಹೆಸರನ್ನೂ ಕೊಡಬೇಕು. ಕೊಡದಿದ್ದರೆ ಬರೀ ಆಬ್ಜೆಕ್ಟ್ ಅರೇ ಸಿಗುತ್ತಿತ್ತು. ರಿಯಾಕ್ಟ್ ನೇಟಿವ್ ಇಷ್ಟು ಬಾಯಿಬಿಟ್ಟು ಕೇಳುವುದಿಲ್ಲ. ನಾವು ಹೇಳದೆ ಬಿಟ್ಟದ್ದು ಆಮೇಲೆ ಪ್ರಿಂಟರ್‌ನ ಕಾಗದದ ಮೇಲೆ ಗೊತ್ತಾಗುತ್ತದೆ.

ಜಾವಾಸ್ಕ್ರಿಪ್ಟ್‌ನಿಂದ ಜಾವಾಕ್ಕೆ

ರಿಯಾಕ್ಟ್ ನೇಟಿವ್‌ನಲ್ಲಿ ಜಾವಾ ಮೆಥಡ್‌ಗೆ ಅರೇ ಕಳಿಸಿದರೆ ಅದು 'ರೀಡಬಲ್‌ಅರೇ' ಆಗಿ ತಲುಪುತ್ತದೆ. ಅದು ಜಾವಾ ಅರೇಯೂ ಅಲ್ಲ, ಲಿಸ್ಟ್ ಕೂಡ ಅಲ್ಲ. ಒಳಗಿರುವುದು ಆರೇ ಬಗೆ: ನಲ್ (ಏನೂ ಇಲ್ಲ), ಬೂಲಿಯನ್ (ಹೌದು/ಇಲ್ಲ), ನಂಬರ್, ಸ್ಟ್ರಿಂಗ್, ಮ್ಯಾಪ್, ಅರೇ. ಇಂಟ್ ಅಂತ ಬಗೆಯೇ ಇಲ್ಲ ಅನ್ನುವುದನ್ನು ಗಮನಿಸಿ. 'ಗೆಟ್‌ಇಂಟ್' ಅಂತ ಮೆಥಡ್ ಇದೆ ನಿಜ, ಆದರೆ ಅದು ಡಬಲ್ ತೆಗೆದು ದಶಮಾಂಶ ಕತ್ತರಿಸಿ ಕೊಡುತ್ತದೆ. 2.7 ಕಳಿಸಿದರೆ 2 ಸಿಗುತ್ತದೆ, ಎರರ್ ಬರುವುದಿಲ್ಲ.

ಒಂದೊಂದೇ ತೆಗೆಯುವುದು ಬೇಜಾರು ಅಂತ ನಾನು ಮೊದಲು 'ಟುಅರೇಲಿಸ್ಟ್' ಕರೆದೆ. ಒಂದೇ ಏಟಿಗೆ ಅರೇಲಿಸ್ಟ್ ಬಂತು. ಅದರ ಮೊದಲ ಅಂಶವನ್ನು ಇಂಟಿಜರ್ ಅಂತ ಕಾಸ್ಟ್ ಮಾಡಿದ್ದೇ (ಇದು ಈ ಜಾತಿಯದ್ದು ಅಂತ ಜಾವಾಕ್ಕೆ ಹೇಳಿದ್ದೇ) ತಡ, ಡಬಲ್ ಅನ್ನು ಇಂಟಿಜರ್ ಮಾಡಲಾಗದು ಅನ್ನುವ ಕ್ಲಾಸ್‌ಕಾಸ್ಟ್ ಎಕ್ಸೆಪ್ಶನ್ ಬಂದು ಆ್ಯಪ್ ಮಲಗಿತು. ನಾನು ಕಳಿಸಿದ್ದು 27, ಇದು ಡಬಲ್ ಹೇಗಾಯಿತು ಅಂತ ಅರ್ಧ ದಿನ ತಲೆ ಕೆರೆದುಕೊಂಡೆ. ಮೊದಲಿನಿಂದಲೂ ಅದು ಡಬಲ್ಲೇ! ದಾರಿ ಇಷ್ಟೇ: 'ನಂಬರ್' ಅಂತ ಕಾಸ್ಟ್ ಮಾಡಿ, ಅದರಿಂದ 'ಇಂಟ್‌ವ್ಯಾಲ್ಯೂ' ಕೇಳಿ.

ಅರೇಯಲ್ಲಿ ತೂತು ಅಥವಾ ಅನ್‌ಡಿಫೈನ್ಡ್ ಇದ್ದರೆ ಜಾವಾ ಬದಿಗೆ ಅದು ನಲ್ ಆಗಿ ಬರುತ್ತದೆ. ನಲ್ ಮೇಲೆ ಗೆಟ್‌ಇಂಟ್ ಕರೆದರೆ ಏನಾಗುತ್ತದೆಂದು ಜಾವಾ ಕಲಿತವರಿಗೆ ಹೇಳಬೇಕಿಲ್ಲ: ಎಕ್ಸೆಪ್ಶನ್ ಬರುತ್ತದೆ. ಮುಂಚೆ 'ಈಸ್‌ನಲ್' ಕೇಳಿ.

ಯೂಇಂಟ್8‌ಅರೇ ಥರದ ಟೈಪ್ಡ್ ಅರೇಗಳಿಗೆ ಅಂಶದ ಜಾತಿ ಗೊತ್ತಿರುತ್ತದೆ, ಹಾಗಾದರೆ ಅದನ್ನೇ ಕಳಿಸಬಹುದಲ್ಲ ಅಂತ ಯಾರಿಗಾದರೂ ಅನಿಸುತ್ತದೆ. ನನಗೂ ಅನಿಸಿತ್ತು. ಆದರೆ ಅದು ಮಾಮೂಲಿ ಅರೇ ಅಲ್ಲ. ಬೇಕಾದರೆ ಬ್ರೌಸರ್ ಕನ್ಸೋಲ್‌ನಲ್ಲೇ ಎರಡಂಶದ ಯೂಇಂಟ್8‌ಅರೇಯನ್ನು ಜೇಸನ್ (ಡೇಟಾವನ್ನು ಪಠ್ಯವಾಗಿ ಬರೆಯುವ ರೂಪ) ಸ್ಟ್ರಿಂಗ್ ಮಾಡಿ ನೋಡಿ: ಚೌಕ ಆವರಣದ ಬದಲು ಹೂ ಆವರಣ ಬರುತ್ತದೆ, ಒಳಗೆ "0", "1" ಅನ್ನುವ ಕೀಗಳು. ರೀಡಬಲ್‌ಅರೇ ಕಾಯುತ್ತಾ ಕೂತ ಮೆಥಡ್‌ಗೆ ಇದು ಒಗ್ಗುವುದಿಲ್ಲ. ಕಳಿಸುವ ಮುಂಚೆ 'ಅರೇ.ಫ್ರಮ್' ಹಾಕಿ ಮಾಮೂಲಿ ಅರೇ ಮಾಡಿಕೊಳ್ಳಬೇಕು.

ಬೈಟ್ ಅನ್ನುವ ತಲೆನೋವು

ಈ ಭಾಗಕ್ಕೆ ಜಾಸ್ತಿ ಜಾಗ ಕೊಡುತ್ತಿದ್ದೇನೆ, ನಾನು ಜಾಸ್ತಿ ಪೆಟ್ಟು ತಿಂದದ್ದು ಇಲ್ಲೇ.

ಜಾವಾದ ಬೈಟ್‌ಗೆ ಚಿಹ್ನೆ ಇದೆ: -128ರಿಂದ 127. ಜಾವಾಸ್ಕ್ರಿಪ್ಟ್‌ನಲ್ಲಿ ನಾವು ಬೈಟ್ ಅಂದುಕೊಳ್ಳುವುದು 0ಯಿಂದ 255. ಬಿಟ್‌ಗಳು ಅವೇ, ಓದುವ ರೀತಿ ಬೇರೆ. ಎಂಟು ಬಿಟ್ಟೂ 1 ಇದ್ದರೆ ಇಲ್ಲಿ 255, ಅಲ್ಲಿ -1. ಕನ್ನಡದ 'ಕ' ಅಕ್ಷರವನ್ನೇ ತೆಗೆದುಕೊಳ್ಳಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಅದಕ್ಕೆ ಮೂರು ಬೈಟ್: 224, 178, 149. ಇದನ್ನೇ ಜಾವಾದಲ್ಲಿ ಲಾಗ್ ಮಾಡಿದರೆ -32, -78, -107 ಕಾಣುತ್ತದೆ. ಮೊದಲ ಸಲ ನೋಡಿದಾಗ ಡೇಟಾ ಕೆಟ್ಟಿದೆ ಅಂತಲೇ ಅನಿಸುತ್ತದೆ. ಕೆಟ್ಟಿಲ್ಲ.

ಜಾವಾಕ್ಕೆ ಕಳಿಸುವಾಗ ಬೈಟ್ ಅಂತ ಕಾಸ್ಟ್ ಮಾಡಿದರೆ ಸಾಕು, 224 ತಾನಾಗಿ -32 ಆಗುತ್ತದೆ, ಬಿಟ್‌ಗಳು ಸರಿಯಾಗೇ ಇರುತ್ತವೆ. ವಾಪಸ್ ಬರುವಾಗ ಮಾತ್ರ 255ರ ಜೊತೆ ಬಿಟ್‌ವೈಸ್ ಆ್ಯಂಡ್ ಮಾಡಬೇಕು, ಇಲ್ಲವಾದರೆ ಜಾವಾಸ್ಕ್ರಿಪ್ಟ್ ಬದಿಗೆ ಋಣ ಸಂಖ್ಯೆಗಳೇ ಬಂದು ಕೂರುತ್ತವೆ. ನನ್ನ ಕೋಡ್‌ನಲ್ಲಿ ಈ ಆ್ಯಂಡ್ ಮರೆತಿದ್ದರೂ ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಕಾರಣ ತಮಾಷೆಯಾಗಿದೆ. ಪ್ರಿಂಟರ್‌ನಿಂದ ನಾನು ಓದುತ್ತಿದ್ದದ್ದು ಸ್ಥಿತಿಯ ಬೈಟ್ ಒಂದನ್ನೇ, ಕಾಗದ ಇದೆಯೋ ಇಲ್ಲವೋ ಅಂತ. ಆ ಬೈಟ್‌ನ ಮೇಲ್ತುದಿಯ ಬಿಟ್ ಯಾವಾಗಲೂ 0, ಹಾಗಾಗಿ ಅದು 127 ದಾಟುವುದೇ ಇಲ್ಲ. ತಪ್ಪು ಕೋಡ್ ಸರಿ ಉತ್ತರ ಕೊಡುತ್ತಾ ಕೂತಿತ್ತು.

ಎರಡನೆಯ ಪೆಟ್ಟು ಅಕ್ಷರಗಳಿಂದ. ಸ್ಟ್ರಿಂಗ್‌ನ ಪ್ರತಿ ಅಕ್ಷರಕ್ಕೂ 'ಚಾರ್‌ಕೋಡ್‌ಆಟ್' ಕೇಳಿ, ಬಂದ ಸಂಖ್ಯೆಗಳ ಅರೇ ಮಾಡಿ ಕಳಿಸಿದೆ. ಇಂಗ್ಲಿಷ್ ಚೆನ್ನಾಗಿ ಬಂತು. 'ಕ'ದ ಕೋಡ್ 3221. ಅದನ್ನು ಬೈಟ್‌ಗೆ ಕಾಸ್ಟ್ ಮಾಡಿದರೆ ಕೆಳಗಿನ ಎಂಟು ಬಿಟ್ ಮಾತ್ರ ಉಳಿದು 149 (ಜಾವಾದ ಕಣ್ಣಿಗೆ -107) ಆಗುತ್ತದೆ. ಕೋಡ್ ಪೇಜ್ 437 (ಯಾವ ಸಂಖ್ಯೆಗೆ ಯಾವ ಅಕ್ಷರ ಅನ್ನುವ ಒಂದು ಪಟ್ಟಿ) ಇಟ್ಟುಕೊಂಡ ಪ್ರಿಂಟರ್‌ನಲ್ಲಿ 149 ಅಂದರೆ ತಲೆ ಮೇಲೆ ಗೆರೆ ಇರುವ ಒಂದು ಲ್ಯಾಟಿನ್ ಓ. ಕಡಲೆಬೇಳೆಯ ಜಾಗದಲ್ಲಿ ಅಂಥವೇ ಒಂದು ಸಾಲು. ಯುಟಿಎಫ್-8 ಮಾಡಿ ಕಳಿಸಿದೆ, ಆಗಲೂ ಗೋಜಲೇ, ಏಕೆಂದರೆ ಆ ಪ್ರಿಂಟರ್ ಒಳಗೆ ಕನ್ನಡ ಫಾಂಟೇ ಇರಲಿಲ್ಲ. ಅರೇ ಸರಿಯಾಗಿದ್ದರೂ ಓದುವವನಿಗೆ ಲಿಪಿ ಬರದಿದ್ದರೆ ಏನು ಮಾಡುವುದು? ಚಿತ್ರ ಮಾಡಿಯೇ ಕಳಿಸಬೇಕು.

ಚಿತ್ರದ ಲೆಕ್ಕ ಹೀಗಿದೆ. 58 ಮಿ.ಮೀ. ಕಾಗದದ ಪ್ರಿಂಟರ್‌ನಲ್ಲಿ ಸಾಮಾನ್ಯವಾಗಿ ಅಡ್ಡಕ್ಕೆ 384 ಚುಕ್ಕಿ. ಎಂಟು ಚುಕ್ಕಿಗೆ ಒಂದು ಬೈಟ್, ಅಂದರೆ ಒಂದು ಗೆರೆಗೆ 48 ಬೈಟ್. 300 ಗೆರೆ ಎತ್ತರದ ಸಣ್ಣ ಬಿಲ್‌ಗೆ 14,400 ಬೈಟ್. ಮುಂದೆ ಎಂಟು ಬೈಟ್‌ನ ಆಜ್ಞೆ: 29, 118, 48, 0, ಆಮೇಲೆ ಅಗಲಕ್ಕೆ ಎರಡು ಬೈಟ್, ಎತ್ತರಕ್ಕೆ ಎರಡು ಬೈಟ್. ಎರಡಕ್ಕೂ ಕೆಳಗಿನ ಎಂಟು ಬಿಟ್‌ನ ಬೈಟ್ ಮುಂದೆ. ಅಗಲ 48, 0. ಎತ್ತರ 300 ಅಂದರೆ 44, 1. ಏಕೆಂದರೆ 256ಕ್ಕೆ 44 ಸೇರಿಸಿದರೆ 300.

ನಾನು ಬರೆದದ್ದು 300, 0.

ಜಾವಾಸ್ಕ್ರಿಪ್ಟ್ ಅರೇಗೆ 300 ಅಂದರೆ ಇನ್ನೊಂದು ಸಂಖ್ಯೆ, ತಕರಾರಿಲ್ಲ. ಎರಡು ಭಾಷೆಗಳ ನಡುವೆ ಡೇಟಾ ಸಾಗಿಸುವ ಬ್ರಿಡ್ಜ್‌ಗೂ ಇಲ್ಲ. ಇಂಟ್ ಅನ್ನು ಬೈಟ್‌ಗೆ ಹಾಕಲು ಜಾವಾ ಕಂಪೈಲರ್ ಒಪ್ಪುವುದಿಲ್ಲ ನಿಜ, ಆದರೆ ಕಾಸ್ಟ್ ಬರೆದು ನಾನೇ ಅದರ ಬಾಯಿ ಮುಚ್ಚಿಸಿದ್ದೆ. 300 ಸದ್ದಿಲ್ಲದೆ 44 ಆಯಿತು. ಪ್ರಿಂಟರ್ 44 ಗೆರೆ ಚಿತ್ರ ಬಿಡಿಸಿತು, ಉಳಿದ 12,288 ಬೈಟ್‌ಗಳನ್ನು ಮಾಮೂಲಿ ಅಕ್ಷರ ಅಂದುಕೊಂಡು ಅಚ್ಚು ಹಾಕತೊಡಗಿತು. ಮಾವ ಗಲ್ಲಾದಿಂದ ಎದ್ದು ಬಂದರು: "ಏನೋ ಇದು, ಇರೋ ರೋಲೆಲ್ಲ ಇವತ್ತೇ ಮುಗಿಸ್ತೀಯಾ?"

ಅವತ್ತಿನಿಂದ ಕಾಸ್ಟ್ ಮಾಡುವ ಸಾಲಿನ ಮೇಲೆ ಒಂದು ಪರೀಕ್ಷೆ ಇಟ್ಟಿದ್ದೇನೆ. ಮೌಲ್ಯ 0ಗಿಂತ ಕಡಿಮೆ ಅಥವಾ 255ಕ್ಕಿಂತ ಜಾಸ್ತಿ ಇದ್ದರೆ, ಎಷ್ಟನೇ ಅಂಶ ಅಂತಲೂ ಹೇಳಿ ಪ್ರಾಮಿಸ್ (ಜಾವಾಸ್ಕ್ರಿಪ್ಟ್‌ಗೆ ಉತ್ತರ ಮುಟ್ಟಿಸುವ ವಸ್ತು) ರಿಜೆಕ್ಟ್.

ಜಾವಾದಿಂದ ಈಚೆಗೆ

ಇಲ್ಲಿ ಎಡವುವ ಮೊದಲ ಕಲ್ಲು: ಲೈಬ್ರರಿ ಕೊಟ್ಟ ಇಂಟ್ ಅರೇಯನ್ನು ಹಾಗೇ ಪ್ರಾಮಿಸ್‌ಗೆ ಕೊಡುವುದು. '[ಐ' ಎಂಬ ಕ್ಲಾಸ್ ಅನ್ನು ಬದಲಾಯಿಸಲಾಗದು ಅನ್ನುವ ಅರ್ಥದ ಎರರ್ ಬರುತ್ತದೆ. '[ಐ' ಅಂದರೆ ಇಂಟ್ ಅರೇಗೆ ಜೆವಿಎಂ (ಜಾವಾ ಕೋಡ್ ಓಡಿಸುವ ಎಂಜಿನ್) ಇಟ್ಟ ಒಳಹೆಸರು. ಬೈಟ್ ಅರೇಗೆ '[ಬಿ', ಲಾಂಗ್ ಅರೇಗೆ '[ಜೆ'. ಈ ಹೆಸರು ಗೊತ್ತಿದ್ದರೆ ಎರರ್ ಓದುವುದು ಸಲೀಸು.

ಮಾಡಬೇಕಾದದ್ದು: 'ಆರ್ಗ್ಯುಮೆಂಟ್ಸ್.ಕ್ರಿಯೇಟ್‌ಅರೇ' ಇಂದ ಒಂದು ರೈಟಬಲ್‌ಅರೇ ತೆಗೆದುಕೊಂಡು ಒಂದೊಂದೇ ಅಂಶವನ್ನು ಪುಶ್ ಮಾಡುವುದು. ಅಡ್ಡದಾರಿ ಬೇಕೆಂದರೆ ಅದೇ ಕ್ಲಾಸ್‌ನಲ್ಲಿ 'ಫ್ರಮ್‌ಅರೇ' ಇದೆ. ಇಂಟ್, ಫ್ಲೋಟ್, ಡಬಲ್, ಬೂಲಿಯನ್, ಸ್ಟ್ರಿಂಗ್ ಅರೇಗಳನ್ನು ಅದು ತೆಗೆದುಕೊಳ್ಳುತ್ತದೆ. ನನಗೆ ಬೇಕಿದ್ದ ಬೈಟ್ ಅರೇ ಮಾತ್ರ ಆ ಪಟ್ಟಿಯಲ್ಲಿಲ್ಲ. ಇರಲಿ. 'ಅರೇಸ್.ಆಸ್‌ಲಿಸ್ಟ್' ಹಾಕಿ ಇಂಟ್ ಅರೇಯನ್ನು ಲಿಸ್ಟ್ ಮಾಡುತ್ತೇನೆ ಅಂತ ಹೋಗಬೇಡಿ. ಅದು ಇಡೀ ಅರೇಯನ್ನೇ ಒಂದು ಅಂಶ ಮಾಡಿಕೊಂಡು ಒಂದೇ ಅಂಶದ ಲಿಸ್ಟ್ ಕೊಡುತ್ತದೆ.

ಫ್ಲೋಟ್ ಬಂದರೆ ಗಾಬರಿಯಾಗಬೇಡಿ. ಜಾವಾದ ಫ್ಲೋಟ್ 0.1 ಡಬಲ್ ಆದಾಗ 0.10000000149011612 ಅಂತ ಕಾಣುತ್ತದೆ. ಇದು ಬ್ರಿಡ್ಜ್ ತಪ್ಪಲ್ಲ, ಫ್ಲೋಟ್‌ನಲ್ಲಿ ಮೊದಲಿನಿಂದಲೂ ಇದ್ದದ್ದು ಅಷ್ಟೇ ನಿಖರತೆ.

ಲಾಂಗ್ ಅರೇ ಆದರೆ ಯೋಚನೆ ಬೇಕು. ಜಾವಾಸ್ಕ್ರಿಪ್ಟ್ ಸಂಖ್ಯೆ ತಪ್ಪಿಲ್ಲದೆ ಹಿಡಿಯುವ ಪೂರ್ಣಾಂಕ 9007199254740991ರವರೆಗೆ, ಅಂದರೆ 16 ಅಂಕಿ. ಲಾಂಗ್ 19 ಅಂಕಿಯವರೆಗೆ ಹೋಗುತ್ತದೆ. ಮಿಲಿಸೆಕೆಂಡ್‌ನ ಸಮಯ 13 ಅಂಕಿ, ಡಬಲ್ ಸಾಕು. ಯುಪಿಐ ವ್ಯವಹಾರದ 12 ಅಂಕಿಯ ಉಲ್ಲೇಖ ಸಂಖ್ಯೆಯೂ ಅಳತೆಯೊಳಗೇ ಇದೆ, ಆದರೂ ಅದನ್ನು ಸ್ಟ್ರಿಂಗ್ ಆಗಿಯೇ ಸಾಗಿಸಿ. ಅದರ ಜೊತೆ ಯಾರೂ ಕೂಡು ಕಳೆ ಮಾಡುವುದಿಲ್ಲ, ಮುಂದೆ ಸೊನ್ನೆ ಇದ್ದರೆ ಉಳಿಯಲಿ.

ಇನ್ನೊಂದು: ಮ್ಯಾಪ್‌ಗಳ ಅರೇ ಕಟ್ಟುವಾಗ ಲೂಪ್ ಹೊರಗೆ ಒಂದೇ ಮ್ಯಾಪ್ ಮಾಡಿಟ್ಟು ಒಳಗೆ ಮತ್ತೆ ಮತ್ತೆ ಪುಶ್ ಮಾಡಿದರೆ ಎರಡನೇ ಸುತ್ತಿಗೆ ಆ್ಯಪ್ ಬೀಳುತ್ತದೆ. ಒಮ್ಮೆ ಅರೇಗೆ ಹಾಕಿದ ಮ್ಯಾಪ್ ಖರ್ಚಾದಂತೆ ಲೆಕ್ಕ. ಪ್ರತಿ ಸುತ್ತಿಗೂ ಹೊಸದು ಬೇಕು.

ನಕಲೋ, ಅಸಲೋ

ಜಾವಾಕ್ಕೆ ಹೋದದ್ದು ನಮ್ಮ ಅರೇಯ ನಕಲು. ಅಲ್ಲಿ ಏನು ತಿದ್ದಿದರೂ ಇಲ್ಲಿ ಗೊತ್ತಾಗುವುದಿಲ್ಲ. ಖಾಲಿ ಬಫರ್ ಕೊಟ್ಟು ಅದನ್ನು ತುಂಬಿಸಿಕೊಡು ಅನ್ನುವ ಜಾವಾ ಮೆಥಡ್‌ಗಳನ್ನು ರ‍್ಯಾಪ್ ಮಾಡುವಾಗ ಇದು ಮುಖ್ಯ: ಬಫರ್ ಅನ್ನು ಜಾವಾ ಬದಿಯಲ್ಲೇ ಹುಟ್ಟಿಸಿ, ತುಂಬಿದ ಮೇಲೆ ಫಲಿತಾಂಶವಾಗಿ ಕಳಿಸಬೇಕು. ಎಲ್ಲ ಕಡೆಯೂ ಹೀಗೇ ಅಂತಲ್ಲ. ಜಾವಾ, ಜಾವಾಸ್ಕ್ರಿಪ್ಟ್ ಎರಡನ್ನೂ ಓಡಿಸುವ ಗ್ರಾಲ್‌ವಿಎಂನಲ್ಲಿ ಜಾವಾಸ್ಕ್ರಿಪ್ಟ್ ಅರೇಯನ್ನು ಇಂಟ್ ಅರೇ ಆಗಿ ಕೇಳಿದರೆ ನಕಲು ಸಿಗುತ್ತದೆ, ಲಿಸ್ಟ್ ಆಗಿ ಕೇಳಿದರೆ ಅಸಲಿಗೇ ತೆರೆದ ಕಿಟಕಿ ಸಿಗುತ್ತದೆ. ಹೊಸ ಬ್ರಿಡ್ಜ್ ಯಾವುದೇ ಕೈಗೆ ಬಂದರೂ ನಾನು ಮೊದಲು ಮಾಡುವ ಪರೀಕ್ಷೆ: ಆಚೆ ಒಂದು ಅಂಶ ಬದಲಿಸಿ ಈಚೆ ನೋಡುವುದು.

ನಕಲು ಅಂದಮೇಲೆ ಖರ್ಚೂ ಇದೆ. 14,400 ಅಂಶದ ರೀಡಬಲ್‌ಅರೇ ಅಂದರೆ ಜಾವಾ ಬದಿಯಲ್ಲಿ 14,400 ಡಬಲ್ ವಸ್ತುಗಳು, ಪ್ರತಿಯೊಂದರೊಳಗೂ ಒಂದೇ ಬೈಟ್‌ನಷ್ಟು ಸತ್ವ. ಅದರ ಬದಲು ಬೇಸ್64 (ಬೈಟ್‌ಗಳನ್ನು ಮಾಮೂಲಿ ಅಕ್ಷರಗಳಲ್ಲಿ ಬರೆಯುವ ರೀತಿ) ಮಾಡಿದರೆ 19,200 ಅಕ್ಷರದ ಒಂದೇ ಸ್ಟ್ರಿಂಗ್. ಮೂರರಲ್ಲೊಂದು ಪಾಲು ಉಬ್ಬಿದರೂ ಇದೇ ಹಗುರ. ಚಿಹ್ನೆ, ನಲ್, 300ರಂಥ ತಂಟೆಗಳೂ ಬ್ರಿಡ್ಜ್ ಮೇಲೆ ಇರುವುದಿಲ್ಲ. ಆ್ಯಂಡ್ರಾಯ್ಡ್‌ನ ಬೇಸ್64 ಕ್ಲಾಸ್ ಬಳಸಿ ಜಾವಾದಿಂದ ಈಚೆಗೆ ಕಳಿಸುವಾಗ 'ನೋ ರ‍್ಯಾಪ್' ಅನ್ನುವ ಫ್ಲ್ಯಾಗ್ ಕೊಡಿ. ಡಿಫಾಲ್ಟ್ ಬಿಟ್ಟರೆ ಅದು 76 ಅಕ್ಷರಕ್ಕೊಮ್ಮೆ ಸಾಲು ಮುರಿಯುತ್ತದೆ, ಕೆಲವು ಡಿಕೋಡರ್‌ಗಳು ಅಲ್ಲೇ ಮುನಿಸಿಕೊಳ್ಳುತ್ತವೆ.

ನನ್ನ ಆ್ಯಪ್‌ನಲ್ಲಿ ಕೊನೆಗೆ ಆ ಬೇಸ್64 ಸ್ಟ್ರಿಂಗೂ ಉಳಿಯಲಿಲ್ಲ. ಪರದೆಯ ಬಿಲ್ ಅನ್ನು ಚಿತ್ರ ಮಾಡಿ, ಜಾವಾಸ್ಕ್ರಿಪ್ಟ್‌ನಲ್ಲೇ ಚುಕ್ಕಿ ಎಣಿಸಿ, ಬೈಟ್ ಕಟ್ಟಿ ಆಚೆ ದಾಟಿಸುತ್ತಿದ್ದೆನಲ್ಲ, ಅಷ್ಟು ದೊಡ್ಡ ಅರೇ ಬ್ರಿಡ್ಜ್ ದಾಟುವ ಅಗತ್ಯವೇನು ಅಂತ ಒಂದು ದಿನ ಹೊಳೆಯಿತು. ಆ್ಯಂಡ್ರಾಯ್ಡ್‌ನ 'ಸ್ಟ್ಯಾಟಿಕ್‌ಲೇಔಟ್' ಒತ್ತಕ್ಷರ ಸಮೇತ ಕನ್ನಡವನ್ನು ಚೆನ್ನಾಗಿ ಬಿಡಿಸುತ್ತದೆ. ಈಗ ಬ್ರಿಡ್ಜ್ ಮೇಲೆ ಹೋಗುವುದು ಹತ್ತಿಪ್ಪತ್ತು ಸಾಲು, ಪ್ರತಿ ಸಾಲಿಗೂ ಸಾಮಾನಿನ ಹೆಸರು, ತೂಕ, ಬೆಲೆ. ಬೆಲೆಯನ್ನು ಪೈಸೆ ಲೆಕ್ಕದಲ್ಲಿ ಪೂರ್ಣಾಂಕ ಮಾಡಿಯೇ ಕಳಿಸುತ್ತೇನೆ, ಗೆಟ್‌ಇಂಟ್‌ನ ಕತ್ತರಿಗೆ ಸಿಗದ ಹಾಗೆ. ಬೈಟ್ ಅರೇ ಹುಟ್ಟುವುದೂ ಪ್ರಿಂಟರ್‌ಗೆ ಹೋಗುವುದೂ ಜಾವಾದಲ್ಲೇ.