ಕಾಲು ಗೋಡೆಗೆ, ಬೆನ್ನು ಕೌದಿಗೆ

ನನ್ನ ತಂಗಿ ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ನಿಂತೇ ಇರಬೇಕು. ಮನೆಗೆ ಬಂದು ಚಪ್ಪಲಿ ಬಿಟ್ಟರೆ ಅದರ ಪಟ್ಟಿ ಬಾತ ಪಾದದ ಮೇಲೆ ಅಚ್ಚೊತ್ತಿರುತ್ತದೆ. ಅವಳು ನೇರ ಪಡಸಾಲೆಗೆ ಹೋಗಿ, ಕೌದಿ ಮಡಚಿ ಸೊಂಟದ ಕೆಳಗಿಟ್ಟು, ಎರಡೂ ಕಾಲು ಗೋಡೆಗೆ ಚಾಚಿ ಮಲಗಿಬಿಡುತ್ತಾಳೆ. ಇದೂ ಯೋಗವೇ ಅನ್ನುತ್ತಾಳೆ.

"ಬಿದ್ಕೊಳ್ಳೋದಕ್ಕೂ ಯೋಗ ಅಂತಾರೇನೇ?" ಅಂತ ಅವ್ವ ನಗುತ್ತಾಳೆ.

ಅವ್ವನ ಅನುಮಾನ ಸುಮ್ನೆ ಬಂದದ್ದಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿ ಯೋಗ, ವ್ಯಾಯಾಮ ಎರಡನ್ನೂ ಕಲಿಸಿದರು. ಹಾಗಾಗಿ ನಮ್ಮ ಕಡೆ ಯೋಗ ಅಂದ ಕೂಡಲೇ ಬೆವರೇ ನೆನಪಾಗುತ್ತದೆ. ಆದರೆ ಬೆವರೇ ಬರದ ಯೋಗವೂ ಉಂಟು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಮುಂದೆ ಪುಣೆಯಲ್ಲಿ ಹಗ್ಗ, ಕುರ್ಚಿ, ಇಟ್ಟಿಗೆ, ಕಂಬಳಿ ಬಳಸಿ ಆಸನ ಕಲಿಸಿದರು. ಅವರ ಶಿಷ್ಯೆ ಜುಡಿತ್ ಲಾಸಟರ್ ಅದನ್ನೇ ಅಮೆರಿಕದಲ್ಲಿ ಬೆಳೆಸಿದರು. ರೆಸ್ಟೋರೇಟಿವ್ ಯೋಗ ಅನ್ನುವುದು ಇದಕ್ಕೇ.

ಮೊದಲು ತಂಗಿಯ ಕಾಲಿನ ವಿಚಾರ. ನಾವು ಎದ್ದು ನಿಂತರೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಎದೆಯ ಭಾಗದಿಂದ ಹೊಟ್ಟೆ, ಕಾಲುಗಳ ಕಡೆಗೆ ಇಳಿಯುತ್ತದೆ. ನಡೆದಾಡುವಾಗ ಮೀನಖಂಡ ಹಿಂಡಿ ಹಿಂಡಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಸುಮ್ನೆ ನಿಂತರೆ ಆ ಪಂಪು ಓಡುವುದಿಲ್ಲ. ರಕ್ತನಾಳದಿಂದ ನೀರಿನಂಶ ಜಿನುಗಿ ಪಾದ ಬಾತುಕೊಳ್ಳುತ್ತದೆ. ಕಾಲು ಮೇಲೆತ್ತಿದರೆ ಇಳಿಜಾರಿನಲ್ಲಿ ನೀರು ಹರಿದ ಹಾಗೆ ರಕ್ತ ತಾನಾಗಿ ಎದೆಗೆ ಮರಳುತ್ತದೆ. ಐಸಿಯುನಲ್ಲಿ ವೈದ್ಯರೂ ಈ ಉಪಾಯ ಬಳಸುತ್ತಾರೆ. ರೋಗಿಯ ಕಾಲೆತ್ತಿ ಸುಮಾರು 300 ಮಿಲಿ ಲೀಟರ್ ರಕ್ತವನ್ನು ಹೃದಯದ ಕಡೆಗೆ ಕಳಿಸಿ, ಡ್ರಿಪ್ ಹಾಕಿದರೆ ಉಪಯೋಗವಾದೀತೇ ಎಂದು ನೋಡುತ್ತಾರೆ.

ಕುತ್ತಿಗೆಯ ದೊಡ್ಡ ರಕ್ತನಾಳದ ಗೋಡೆಯಲ್ಲಿ ಒತ್ತಡ ಅಳೆಯುವ ನರದ ತುದಿಗಳಿವೆ. ಎದೆಗೆ ರಕ್ತ ಚೆನ್ನಾಗಿ ಬಂದರೆ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಆಗ ಹೃದಯದ ಬಡಿತ ಸ್ವಲ್ಪ ತಗ್ಗುತ್ತದೆ. ಉಸಿರಿಗೂ ಇದರಲ್ಲಿ ಪಾಲಿದೆ. ಮಣಿಕಟ್ಟಿನ ನಾಡಿ ಹಿಡಿದು ನಿಧಾನವಾಗಿ ಉಸಿರಾಡಿ ನೋಡಿ. ಒಳಗೆಳೆಯುವಾಗ ನಾಡಿ ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಚಿಕ್ಕ ವಯಸ್ಸಿನವರಿಗೆ ಇದು ಇನ್ನೂ ಸ್ಪಷ್ಟ.

ಹಾಗಾದರೆ ಕೌದಿ, ಕಂಬಳಿ ಯಾಕೆ ಬೇಕು? ಇದನ್ನು ನನ್ನ ತೊಡೆಯೇ ನನಗೆ ಕಲಿಸಿತು. ಅಂಗಾತ ಮಲಗಿ, ಅಂಗಾಲು ಜೋಡಿಸಿ, ಮಂಡಿಗಳನ್ನು ಎರಡೂ ಕಡೆಗೆ ಬಿಟ್ಟೆ. ಸುಪ್ತ ಬದ್ಧಕೋಣಾಸನ. ಮಂಡಿ ನೆಲ ಮುಟ್ಟಲಿಲ್ಲ, ಗಾಳಿಯಲ್ಲೇ ನಿಂತಿತು. ಎರಡು ನಿಮಿಷಕ್ಕೆ ತೊಡೆಯ ಒಳಭಾಗ ಸಣ್ಣಗೆ ನಡುಗತೊಡಗಿತು. ಸ್ನಾಯುವಿನೊಳಗೆ ಎಳೆತ ಅಳೆಯುವ ಸೂಕ್ಷ್ಮ ಎಳೆಗಳಿವೆ. ಜಾಸ್ತಿ ಎಳೆದರೆ ಅವು ಬೆನ್ನುಹುರಿಗೆ ತಿಳಿಸುತ್ತವೆ, ಅಲ್ಲಿಂದ 'ಬಿಗಿ ಹಿಡಿ' ಅಂತ ಆಜ್ಞೆ ಬರುತ್ತದೆ. ಮಿದುಳನ್ನು ಕೇಳಿ ಆಗುವ ಕೆಲಸವಲ್ಲ ಇದು. 'ಸಡಿಲಾಗು, ಸಡಿಲಾಗು' ಅಂತ ಮನಸ್ಸಿನಲ್ಲಿ ಎಷ್ಟು ಹೇಳಿಕೊಂಡರೂ ತೊಡೆ ಕೇಳುವುದಿಲ್ಲ. ಎರಡೂ ಮಂಡಿಯ ಕೆಳಗೆ ಒಂದೊಂದು ದಿಂಬು ತುರುಕಿದೆ. ಒಂದೆರಡು ಉಸಿರಿನಲ್ಲಿ ನಡುಕ ನಿಂತಿತು. ಭಾರ ದಿಂಬಿಗೆ ಹೋಯಿತು, ಕಾವಲು ಕಾಯುವ ಕೆಲಸ ತೊಡೆಗೆ ತಪ್ಪಿತು.

ಇದಕ್ಕಾಗಿ ಆನ್‌ಲೈನಿನಲ್ಲಿ ದುಬಾರಿ ಬೋಲ್ಸ್ಟರ್ (ಯೋಗಕ್ಕೆ ಬಳಸುವ ಗಟ್ಟಿ ಉದ್ದ ದಿಂಬು) ತರಿಸಬೇಕಿಲ್ಲ. ಚಳ್ಳಕೆರೆಯ ಕಂಬಳಿಯೊಂದನ್ನು ಬಿಗಿಯಾಗಿ ಸುತ್ತಿ, ಮೇಲೆ ಕೌದಿ ಸುತ್ತಿದರೆ ಬೆನ್ನಿಗೆ ಒಳ್ಳೆಯ ಒರಗು. ಕುರಿ ಉಣ್ಣೆ ಬರಿ ಮೈಗೆ ಚುಚ್ಚುತ್ತದೆ, ಆದ್ದರಿಂದ ಕೌದಿ ಹೊರಗಿರಲಿ. ಹತ್ತಿ ದಿಂಬು ಕುಗ್ಗುತ್ತದೆ, ಕಂಬಳಿ ಅಷ್ಟು ಬೇಗ ಕುಗ್ಗುವುದಿಲ್ಲ. ಮೈಮೇಲೆ ಹೊದೆಯಲು ಹಳೇ ಸೀರೆಯೂ ಬೇಕು. ಅಲುಗಾಡದೆ ಮಲಗಿದರೆ ಸ್ನಾಯುಗಳು ಶಾಖ ಹುಟ್ಟಿಸುವುದು ತಗ್ಗಿ, ಫ್ಯಾನಿನ ಕೆಳಗೆ ಹತ್ತು ನಿಮಿಷಕ್ಕೆಲ್ಲ ಚಳಿಯಾಗುತ್ತದೆ. ದಾವಣಗೆರೆಯಲ್ಲೂ!

ಎರಡು ಬೆಣ್ಣೆ ದೋಸೆ ಹೊಡೆದ ಕೂಡಲೇ ಮಲಗಬೇಡಿ. ಹುಳಿ ಗಂಟಲಿಗೆ ಬರುತ್ತದೆ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆ, ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ ಇರುವವರು ಕಾಲೆತ್ತುವ ಮೊದಲು ವೈದ್ಯರನ್ನು ಕೇಳಬೇಕು. ಬಸುರಿನ ಕೊನೆಯ ತಿಂಗಳುಗಳಲ್ಲಿ ಅಂಗಾತ ಮಲಗುವುದು ಬೇಡ. ಗರ್ಭದ ಭಾರ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ಒಂದೇ ಕಾಲು ದಿಢೀರನೆ ಬಾತು ನೋಯುತ್ತಿದ್ದರೆ ಅದು ರಕ್ತ ಹೆಪ್ಪುಗಟ್ಟಿದ್ದೂ ಇರಬಹುದು, ಗೋಡೆ ಬಿಟ್ಟು ಆಸ್ಪತ್ರೆಗೆ ಹೋಗಿ.

ತಂಗಿ ಹದಿನೈದು ನಿಮಿಷಕ್ಕೆ ಪಕ್ಕಕ್ಕೆ ಹೊರಳಿ, ಸ್ವಲ್ಪ ಹೊತ್ತು ಹಾಗೇ ಇದ್ದು ಏಳುತ್ತಾಳೆ. ದಡಕ್ಕನೆ ಎದ್ದರೆ ರಕ್ತ ಮತ್ತೆ ಕೆಳಗಿಳಿದು ತಲೆ ಸುತ್ತುತ್ತದೆ. ಪಾದದ ಮೇಲಿನ ಚಪ್ಪಲಿ ಪಟ್ಟಿಯ ಅಚ್ಚು ಅಷ್ಟೊತ್ತಿಗೆ ಮಸುಕಾಗಿರುತ್ತದೆ. ಈಗ ಅಚ್ಚು ಮೂಡಿರುವುದು ಪಡಸಾಲೆಯ ಗೋಡೆಯಲ್ಲಿ, ಎರಡು ಹಿಮ್ಮಡಿಯದು. "ಇದಕ್ಕೆ ಸುಣ್ಣ ಹೊಡೆಸೋರು ಯಾರು?" ಅನ್ನುವುದು ಅವ್ವನ ಹೊಸ ತಕರಾರು.