ಮಗ ನೂಲ್‌ಪುಟ್ಟು ಬಿಟ್ಟು ಬೇರೇನೂ ತಿನ್ನಲ್ಲ, ಉಪವಾಸ ಕೆಡವಿದರೆ ಸರಿಹೋಗುತ್ತಾನಾ?

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರದ ಊರು. ಮಗನಿಗೆ ಐದು ವರ್ಷ, ಆಟಿಸಂ ಇದೆ. ನೂಲ್‌ಪುಟ್ಟು (ಅಕ್ಕಿಯ ಒತ್ತು ಶಾವಿಗೆ), ಬಿಳಿ ಅನ್ನ, ಹಾಲು, ಇಷ್ಟೇ ಅವನ ಊಟ. ತರಕಾರಿ ಕಂಡರೆ ತಟ್ಟೆ ತಳ್ಳುತ್ತಾನೆ. "ಎರಡು ದಿನ ಉಪವಾಸ ಕೆಡವು, ತಾನೇ ತಿನ್ತಾನೆ" ಅಂತಾರೆ ಅತ್ತೆ. ಹಾಗೆ ಮಾಡಬಹುದಾ?

ಉತ್ತರ: ಖಂಡಿತ ಬೇಡ. ಬರೀ ಹಟವಾಗಿದ್ದರೆ ಹಸಿವು ಗೆಲ್ಲುತ್ತಿತ್ತು. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಹಸಿವೇ ಸರಿಯಾಗಿ ಗೊತ್ತಾಗುವುದಿಲ್ಲ. ವಾಸನೆ, ಬಣ್ಣ, ಬಾಯಿಗೆ ಸಿಗುವ ನಾರು, ಲೋಳೆ ಇವೆಲ್ಲ ಅವರಿಗೆ ನಮಗಿಂತ ಜೋರಾಗಿ ತಾಗಬಹುದು. ನೂಲ್‌ಪುಟ್ಟು ಯಾವತ್ತೂ ಒಂದೇ ಥರ: ಬಿಳಿ, ಮೆತ್ತಗೆ. ಬೆಂಡೆಕಾಯಿ ಪಲ್ಯ ಹಾಗಲ್ಲ, ಇವತ್ತಿನದು ನಾಳೆ ಇರಲ್ಲ. ಅವನಿಗೆ ನಂಬಿಕೆ ಇರುವ ತಿಂಡಿಯಿಂದಲೇ ಶುರು ಮಾಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಹಬೆಯಲ್ಲಿ ಬೇಯಿಸಿದ ಪಾಪುಟ್ಟು: ಅದೂ ಅಕ್ಕಿಯದೇ, ಬಿಳಿಯೇ. ಆಮೇಲೆ ಕಡಂಬುಟ್ಟು (ಅಕ್ಕಿ ತರಿಯ ಕಡುಬು), ತೆಳು ಅಕ್ಕಿರೊಟ್ಟಿ. ಅದು ಒಗ್ಗಿದ ಮೇಲೆ ಪಕ್ಕದಲ್ಲಿ ಒಂದು ಚೂರು ಮೊಟ್ಟೆ. "ತಿನ್ನು" ಅನ್ನಬೇಡಿ. ಮುಟ್ಟಲಿ, ಮೂಸಲಿ, ಅಷ್ಟೇ ಸಾಕು. ಸಾಮಾನ್ಯ ಮಕ್ಕಳಿಗೇ ಹೊಸ ರುಚಿ ಒಗ್ಗಲು 10-15 ಸಲ ಬೇಕಾಗುತ್ತದೆ, ಇವನಿಗೆ ಇನ್ನೂ ಜಾಸ್ತಿ ಬೇಕಾಗಬಹುದು. ಕ್ಯಾರೆಟ್ ಅರೆದು ಹಿಟ್ಟಿನಲ್ಲಿ ಬಚ್ಚಿಡುವ ಉಪಾಯ ಮಾತ್ರ ಬೇಡ. ಗೊತ್ತಾದರೆ ಇರುವ ನೂಲ್‌ಪುಟ್ಟನ್ನೂ ಬಿಟ್ಟುಬಿಟ್ಟಾನು.

ಹಾಲು ದಿನಕ್ಕೆ ಅರ್ಧ ಲೀಟರ್ ದಾಟದಿರಲಿ. ಹಾಲಲ್ಲೇ ಹೊಟ್ಟೆ ತುಂಬಿದರೆ ಊಟ ಸೇರಲ್ಲ, ಕಬ್ಬಿಣಾಂಶವೂ ಕಡಿಮೆಯಾಗುತ್ತದೆ. ಮಲ ಗಟ್ಟಿಯಾಗುತ್ತಾ ನೋಡಿ. ಅದರಿಂದಲೂ ಹಸಿವು ಸಾಯುತ್ತದೆ.

ಗೋಧಿ, ಹಾಲು ಬಿಡಿಸಿದರೆ ಆಟಿಸಂ ಕಡಿಮೆಯಾಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದಕ್ಕೆ ಗಟ್ಟಿ ಆಧಾರವಿಲ್ಲ. ನಿಮ್ಮ ಮಗ ಗೋಧಿ ಮೊದಲೇ ಮುಟ್ಟುತ್ತಿಲ್ಲ, ಹಾಲೂ ಕಿತ್ತುಕೊಂಡರೆ ಉಳಿಯುವುದೇನು?

ಪುತ್ತರಿ ಸುಗ್ಗಿಹಬ್ಬಕ್ಕೆ ಐನ್‌ಮನೆಗೆ (ಕುಟುಂಬದ ಮೂಲ ಮನೆಗೆ) ಹೋಗುವಾಗ ಅವನ ಡಬ್ಬಿ ಜೊತೆಗಿರಲಿ. ಪಂದಿಕರಿ (ಹಂದಿಮಾಂಸದ ಸಾರು), ಅದಕ್ಕೆ ಹಾಕುವ ಕಾಚಂಪುಳಿ ಹುಳಿಯ ಘಾಟು ತಡೆಯದಿದ್ದರೆ ಹೊರಗೆ ಜಗಲಿಯಲ್ಲಿ ತಿನ್ನಲಿ. ನೆಂಟರು ಏನಾದರೂ ಅಂದುಕೊಳ್ಳಲಿ ಬಿಡಿ.

ಈಗಲೇ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ, ತೂಕ, ಎತ್ತರ, ರಕ್ತ ಪರೀಕ್ಷೆ ಆಗಲಿ. ತರಕಾರಿ, ಹಣ್ಣು ಎರಡೂ ಇಲ್ಲದ ಮಕ್ಕಳಿಗೆ ವಿಟಮಿನ್ ಸಿ ಕೊರತೆಯಿಂದ ಸ್ಕರ್ವಿ ಬಂದದ್ದೂ ಇದೆ. ಒಸಡಲ್ಲಿ ರಕ್ತ, ಕಾಲು ನೋವು, ಕುಂಟು ನಡಿಗೆ ಕಂಡರೆ, ತೂಕ ಇಳಿದರೆ, ನುಂಗುವಾಗ ಕೆಮ್ಮು ಬಂದರೆ ತಡ ಮಾಡಬೇಡಿ.