ವಾಟರ್ ‘ವಾಡರ್’ ಆಗುವುದು ಹೇಗೆ? ಇಂಗ್ಲಿಷಿನ ಸಂಧಿಗಳ ಬಗ್ಗೆ ನನ್ನ ಟಿಪ್ಪಣಿ

ಹೈಸ್ಕೂಲಿನಲ್ಲಿ ಸಂಧಿ ಬಿಡಿಸಿ ಬರೆದದ್ದು ನೆನಪಿದೆ ಅಲ್ವಾ? ಮಳೆ + ಕಾಲ = ಮಳೆಗಾಲ. ಅಂಕಕ್ಕಾಗಿ ಬಾಯಿಪಾಠ ಮಾಡಿ ಮರೆತ ಆ ಪಾಠವೇ ಈಗ ಇಂಗ್ಲಿಷ್ ಕೇಳಿ ಅರ್ಥ ಮಾಡಿಕೊಳ್ಳುವುದಕ್ಕೆ ಕೆಲಸಕ್ಕೆ ಬಂತು ಅಂದರೆ ನಗಬೇಡಿ. ಇಂಗ್ಲಿಷಿನಲ್ಲೂ ಸಂಧಿ ಇದೆ. ನಾವು ಕೂಡಿಸಿ ಮಾತಾಡಿದ್ದನ್ನು ಕೂಡಿಸಿಯೇ ಬರೆಯುತ್ತೇವೆ, ಅವರು ಬಿಡಿಸಿ ಬರೆದು ಕೂಡಿಸಿ ಮಾತಾಡುತ್ತಾರೆ. ಓದಿ ಕಲಿತ ನಮಗೆ ಕಷ್ಟವಾಗುವುದು ಅಲ್ಲೇ.

ಮೊದಲು ಟೀ ಅಕ್ಷರ. ಅದರಷ್ಟು ವೇಷ ಹಾಕುವ ವ್ಯಂಜನ ಇಂಗ್ಲಿಷಿನಲ್ಲಿ ಇನ್ನೊಂದಿಲ್ಲ ಅಂತ ನನಗನಿಸುತ್ತದೆ. ಅಮೆರಿಕದವರು ವಾಟರ್ ಅಂದರೆ ನಮಗೆ ‘ವಾಡರ್’ ಅಂತ ಕೇಳುತ್ತದೆ, ಸಿಟಿ ‘ಸಿಡಿ’ ಆಗುತ್ತದೆ. ಆದರೆ ಅದು ನಮ್ಮ ಡ ಅಲ್ಲ. ‘ಮರ’ ಅಂತ ಬೇಗ ಹೇಳಿ ನೋಡಿ. ನಾಲಿಗೆಯ ತುದಿ ಮೇಲಿನ ಹಲ್ಲಿನ ಹಿಂದಿರುವ ವಸಡಿಗೆ ಒಂದೇ ಸಲ ತಟ್ಟಿ ವಾಪಸ್ ಬರುತ್ತದೆ. ಅವರ ನಾಲಿಗೆ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಇದಕ್ಕೆ ಫ್ಲ್ಯಾಪ್ ಅಥವಾ ಟ್ಯಾಪ್ ಅನ್ನುತ್ತಾರೆ. ಆಸ್ಟ್ರೇಲಿಯಾದವರಲ್ಲೂ ಇದು ಸಾಮಾನ್ಯ.

ಇದು ಎಲ್ಲಾ ಕಡೆ ಆಗುವುದಿಲ್ಲ, ಅದಕ್ಕೊಂದು ಲೆಕ್ಕ ಇದೆ. ಟ ಎರಡು ಸ್ವರಗಳ ನಡುವೆ ಇರಬೇಕು, ಅದರ ಮುಂದಿನ ಸ್ವರಕ್ಕೆ ಒತ್ತು ಇರಬಾರದು (ಒತ್ತು ಅಂದರೆ ಒತ್ತಕ್ಷರ ಅಲ್ಲ, ಜೋರು ಕೊಟ್ಟು ಹೇಳುವುದು). ‘ಆಟಮ್’ನಲ್ಲಿ ಮೊದಲ ಸ್ವರಕ್ಕೆ ಒತ್ತು, ಹಾಗಾಗಿ ಟ ಮೆತ್ತಗಾಗುತ್ತದೆ. ‘ಅಟಾಮಿಕ್’ನಲ್ಲಿ ಒತ್ತು ಟ ಮೇಲೆಯೇ ಬೀಳುತ್ತದೆ, ಹಾಗಾಗಿ ಅಲ್ಲಿ ಟ ಗಟ್ಟಿಯಾಗಿಯೇ ಉಳಿಯುತ್ತದೆ. ಫೋಟೋ ಮತ್ತು ಫೋಟಾಗ್ರಫರ್ ಕಥೆಯೂ ಇದೇ. ಪದ ಪದ ಸೇರುವಲ್ಲೂ ಟ ಮೆತ್ತಗಾಗುತ್ತದೆ, ಅಲ್ಲಿ ಮುಂದಿನ ಸ್ವರಕ್ಕೆ ಒತ್ತು ಇದ್ದರೂ ಸರಿ: ಗೆಟ್ ಅಪ್ ‘ಗೆಡಪ್’, ಎ ಲಾಟ್ ಆಫ್ ‘ಅಲಾಡವ್’. ನಮ್ಮ ಬೆಟ್ಟ + ತಾವರೆ ಬೆಟ್ಟದಾವರೆ ಆಗುವುದೂ ಇದೇ ಜಾತಿಯದ್ದು, ಎರಡು ಸ್ವರಗಳ ನಡುವೆ ಸಿಕ್ಕಿದ ಗಟ್ಟಿ ವ್ಯಂಜನ ಮೆತ್ತಗಾಗುವುದು. ನಮ್ಮ ಆದೇಶ ಸಂಧಿ ಪದ ಸೇರುವ ಕಡೆ ಆಗುತ್ತದೆ, ಅವರದ್ದು ಪದದ ಹೊಟ್ಟೆಯೊಳಗೂ ಆಗುತ್ತದೆ, ಅಷ್ಟೇ ವ್ಯತ್ಯಾಸ. ಟ ಹಿಂದೆ ನ ಇದ್ದರೆ ಎಷ್ಟೋ ಸಲ ಟ ಪೂರ್ತಿ ಮಾಯ: ಟ್ವೆಂಟಿ ‘ಟ್ವೆನಿ’, ಇಂಟರ್‌ನೆಟ್ ‘ಇನರ್‌ನೆಟ್’.

ಲಂಡನ್ನಿನ ಬೀದಿಯಲ್ಲಿ ಅದೇ ಟ ಗಂಟಲಿಗೆ ಇಳಿಯುತ್ತದೆ. ನೀರು ತುಂಬಿದ ಕೊಡ ಎತ್ತುವಾಗ ಒಂದು ಕ್ಷಣ ಗಂಟಲು ಮುಚ್ಚಿ ಉಸಿರು ನಿಲ್ಲುತ್ತದಲ್ಲ, ಹಾಗೆ. ಅದಕ್ಕೆ ಹೆಸರು ಗ್ಲಾಟಲ್ ಸ್ಟಾಪ್. ವಾಟರ್ ಅಲ್ಲಿ ‘ವಾ-ಅ’, ಬಾಟಲ್ ‘ಬಾ-ಲ್’, ನಡುವೆ ಒಂದು ಸಣ್ಣ ತಡೆ. ಗ್ಲಾಸ್ಗೋದಲ್ಲೂ ಇದು ಧಾರಾಳ. ಇದನ್ನು ಸೋಮಾರಿ ಉಚ್ಚಾರಣೆ ಅಂತ ಬೈಯುವವರು ಇದ್ದಾರೆ. ಸುಮ್ನೆ ಮಾತು. ಬಟನ್, ಮೌಂಟನ್ ಅನ್ನುವಾಗ ಅಮೆರಿಕದ ಓದಿದವರೂ ಟ ಜಾಗದಲ್ಲಿ ಗಂಟಲನ್ನೇ ಮುಚ್ಚುತ್ತಾರೆ, ಯಾರೂ ಗಮನಿಸುವುದಿಲ್ಲ.

ಸೊನ್ನೆಯ ವಿಷಯ ನನಗೆ ತುಂಬಾ ಇಷ್ಟ. ಪಂಪ, ಗಂಟೆ, ಅಂಗಡಿ ಮೂರಕ್ಕೂ ಬರೆಯುವುದು ಒಂದೇ ಸೊನ್ನೆ. ಆದರೆ ಬಾಯಲ್ಲಿ ಮ್, ಣ್, ಙ್ ಬೇರೆ ಬೇರೆ ಬರುತ್ತವೆ, ಮುಂದಿನ ಅಕ್ಷರ ನೋಡಿಕೊಂಡು. ಇಂಗ್ಲಿಷಿನ ನ ಕೂಡ ಹಾಗೇ. ಟೆನ್ ಪೌಂಡ್ಸ್ ಬೇಗ ಹೇಳಿದರೆ ‘ಟೆಮ್ ಪೌಂಡ್ಸ್’, ಹ್ಯಾಂಡ್‌ಬ್ಯಾಗ್ ‘ಹ್ಯಾಮ್‌ಬ್ಯಾಗ್’. ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಡಿಡ್ ಯೂ ‘ಡಿಜೂ’ ಆಗುವುದನ್ನು ಮಾತ್ರ ಕಿವಿಗೆ ರೂಢಿ ಮಾಡಿಸಬೇಕು.

ಇನ್ನು ರ. ಮನೆ + ಅಲ್ಲಿ ಸೇರುವಾಗ ನಡುವೆ ಯ ಬಂದು ಮನೆಯಲ್ಲಿ ಆಗುತ್ತದೆ. ಇಂಗ್ಲೆಂಡಿನ ಬಹಳ ಜನ ಅಂಥ ಜಾಗದಲ್ಲಿ ರ ತಂದು ಕೂರಿಸುತ್ತಾರೆ: ಲಾ ಅಂಡ್ ಆರ್ಡರ್ ‘ಲಾರಂಡ್ ಆರ್ಡರ್’. ಸ್ಪೆಲ್ಲಿಂಗಿನಲ್ಲಿ ಇಲ್ಲದ ರ ಬಾಯಿಗೆ ಬರುತ್ತದೆ, ಆದರೆ ಕಾರ್ ಪದದಲ್ಲಿ ಇರುವ ರ ನುಂಗಿಹೋಗಿ ‘ಕಾ’ ಆಗುತ್ತದೆ! ಇಂಗ್ಲೆಂಡಿನಲ್ಲಿ ಹೀಗೆ ನುಂಗುವುದು ಗೌರವದ ಉಚ್ಚಾರಣೆ. ನ್ಯೂಯಾರ್ಕಿನಲ್ಲಿ ಉಲ್ಟಾ. 1962ರಲ್ಲಿ ಭಾಷಾವಿಜ್ಞಾನಿ ವಿಲಿಯಂ ಲಬೋವ್ ಅಲ್ಲಿನ ಮೂರು ದೊಡ್ಡ ಅಂಗಡಿಗಳಿಗೆ ಹೋಗಿ, ನಾಲ್ಕನೇ ಮಹಡಿಯಲ್ಲಿರುವ ಸಾಮಾನು ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾ ಹೋದರು. ‘ಫೋರ್ತ್ ಫ್ಲೋರ್’ ಅನ್ನುವ ಉತ್ತರ ಬರಲಿ ಅಂತಲೇ ಆ ಪ್ರಶ್ನೆ. ಸಿರಿವಂತರು ಹೋಗುವ ಸ್ಯಾಕ್ಸ್ ಅಂಗಡಿಯ ಕೆಲಸಗಾರರು ರ ಜಾಸ್ತಿ ನುಡಿದರು, ಮೇಸೀಸ್‌ನವರು ಅದಕ್ಕಿಂತ ಕಡಿಮೆ, ಅಗ್ಗದ ಕ್ಲೈನ್‌ನವರು ಎಲ್ಲರಿಗಿಂತ ಕಡಿಮೆ. ಅದೇ ರ, ಒಂದು ಊರಲ್ಲಿ ಬಿಟ್ಟರೆ ದೊಡ್ಡಸ್ತಿಕೆ, ಇನ್ನೊಂದು ಊರಲ್ಲಿ ಹೇಳಿದರೆ ದೊಡ್ಡಸ್ತಿಕೆ.

ಥಿಂಕ್ ಅನ್ನುವುದನ್ನು ನಾವು ಹಲ್ಲಿಗೆ ನಾಲಿಗೆ ತಾಗಿಸಿ ತ ಥರ ಹೇಳುತ್ತೇವೆ ಅಂತ ಸಂಕೋಚ ಪಡುವವರಿಗೆ ಒಂದು ಮಾತು. ಐರ್ಲೆಂಡಿನಲ್ಲಿ ಬಹಳ ಜನ ಹೇಳುವುದೂ ಹೆಚ್ಚುಕಡಿಮೆ ಹಾಗೇ. ಲಂಡನ್ನಿನಲ್ಲಿ ಎಷ್ಟೋ ಜನಕ್ಕೆ ತ್ರೀ ‘ಫ್ರೀ’.

ಕೊನೆಯದಾಗಿ, ನಿಜವಾಗಿ ಎಡವಟ್ಟಾಗುವ ಜಾಗ: ಕ್ಯಾನ್ ಮತ್ತು ಕಾಂಟ್. ಬ್ರಿಟಿಷರಲ್ಲಿ ಸ್ವರವೇ ಬೇರೆ, ಹಾಗಾಗಿ ಗೊಂದಲ ಕಡಿಮೆ. ಅಮೆರಿಕದವರು ಒತ್ತಿ ಹೇಳಿದರೆ ಎರಡಕ್ಕೂ ‘ಕ್ಯಾ’ ಅನ್ನುತ್ತಾರೆ, ಕಾಂಟ್‌ನ ಕೊನೆಯ ಟ ಗಂಟಲಲ್ಲೇ ನಿಂತುಬಿಡುತ್ತದೆ. ಒಂದು ಕಾಲ್‌ನಲ್ಲಿ ಅವರು ಆಗಲ್ಲ ಅಂದದ್ದನ್ನು ನಾನು ಆಗುತ್ತದೆ ಅಂತ ಬರೆದುಕೊಂಡು ಒಂದು ದಿನದ ಕೆಲಸ ಹಾಳು ಮಾಡಿಕೊಂಡಿದ್ದೆ. ಟ ಹುಡುಕುವುದು ಬಿಡಿ, ಒತ್ತು ಕೇಳಿ. ಆಗುತ್ತದೆ ಅನ್ನುವಾಗ ಆ ಪದ ಸೊರಗಿ ಬರೀ ‘ಕನ್’ ಆಗಿ, ಭಾರ ಮುಂದಿನ ಕ್ರಿಯಾಪದದ ಮೇಲೆ ಬೀಳುತ್ತದೆ: ‘ಐ ಕನ್ ಡೂ ಇಟ್’. ಆಗಲ್ಲ ಅನ್ನುವಾಗ ‘ಕ್ಯಾನ್’ ಪೂರ್ತಿ ಬಾಯ್ತೆರೆದು ಬಂದು ಥಟ್ಟನೆ ನಿಲ್ಲುತ್ತದೆ. ಅಷ್ಟಾದರೂ ಅನುಮಾನ ಉಳಿದರೆ ಮತ್ತೊಮ್ಮೆ ಕೇಳಿಬಿಡಿ. ಅಮೆರಿಕದವರೇ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ.